ಹೊಳೆಗೆ ಎರಡು ದಂಡೆ, ಊರಿಗೆ ಒಂದೇ ಹೊಳೆ

ಹೊಳೆಯ ದಂಡೆ ಜರಿಯುವುದು ಹೆಚ್ಚಾಗಿ ನೆರೆ ಇಳಿದ ಮೇಲೆ. ಎರಡು ಮೂರು ದಿನ ಕೆನ್ನೀರು ತುಂಬಿ ಹರಿಯುವಾಗ ದಂಡೆಯ ಮಣ್ಣು ಹೊಟ್ಟೆ ತುಂಬ ನೀರು ಕುಡಿದು ಭಾರವಾಗಿರುತ್ತದೆ. ಅಷ್ಟು ಹೊತ್ತೂ ಅದಕ್ಕೆ ಆಸರೆಯಾಗಿ ನಿಂತದ್ದು ಹೊಳೆಯ ನೀರೇ. ಮಳೆ ಬಿಟ್ಟು ನೀರು ಸರ್ರನೆ ಇಳಿದಾಗ ಆ ಆಸರೆ ತಪ್ಪುತ್ತದೆ. ಮಣ್ಣಿನೊಳಗಿನ ನೀರು ಮಾತ್ರ ಅಷ್ಟು ಬೇಗ ಹೊರಗೆ ಬರುವುದಿಲ್ಲ. ದಂಡೆಯಿಂದ ನಾಲ್ಕು ಹೆಜ್ಜೆ ಒಳಗೆ, ಅಡಿಕೆ ಸಾಲುಗಳ ನಡುವೆ, ಹೊಳೆಯ ಗುಂಟ ಕೂದಲೆಳೆಯಂಥ ಬಿರುಕು ಕಾಣಿಸುತ್ತದೆ. ಸಂಜೆಗೆ ಅದರಲ್ಲಿ ಬೆರಳು ತೂರುತ್ತದೆ. ರಾತ್ರಿ ಧಡ್ ಎಂದು ಸದ್ದು. ಬೆಳಗ್ಗೆ ಹೋಗಿ ನೋಡಿದರೆ ಹಿಂದಿನ ದಿನ ಹಾಳೆ ಹೆಕ್ಕಿದ ಜಾಗವೇ ಇಲ್ಲ. ಗೊನೆ ಹೊತ್ತ ಮರಗಳು ಹೊಳೆಗೆ ಅಡ್ಡ ಬಿದ್ದಿವೆ, ಹಸಿ ದರೆಯಿಂದ ಬೇರುಗಳು ಜೋತಾಡುತ್ತಿವೆ.

ನೇತ್ರಾವತಿ, ಕುಮಾರಧಾರಾ, ಸೀತಾ, ಸ್ವರ್ಣಾ, ಶರಾವತಿ, ಅಘನಾಶಿನಿ, ಗಂಗಾವಳಿ. ಪಶ್ಚಿಮಕ್ಕೆ ಹರಿಯುವ ಯಾವ ಹೊಳೆಯ ಬದಿಗೆ ಹೋದರೂ ಇಂಥ ಒಂದು ದರೆಯನ್ನು ತೋರಿಸುವವರು ಸಿಗುತ್ತಾರೆ. ಅವರ ಪಹಣಿಯಲ್ಲಿ ಜಾಗ ಹಾಗೇ ಇದೆ, ನೆಲದಲ್ಲಿ ಇಲ್ಲ. ಬೆಳೆಗೆ ಪರಿಹಾರ ಬರಬಹುದು. ಅಜ್ಜನ ಕಾಲದಿಂದ ಸೊಪ್ಪು, ಗೊಬ್ಬರ ಹಾಕಿ ಕಟ್ಟಿದ ಮಣ್ಣು ಮರಳಿ ಬರುವುದಿಲ್ಲ. ಹಾಗಾಗಿ ಪ್ರತಿ ಮಳೆಗಾಲದ ನಂತರ ಪಂಚಾಯಿತಿಗೂ ಶಾಸಕರ ಕಚೇರಿಗೂ ಒಂದೇ ಬಗೆಯ ಅರ್ಜಿ ಹೋಗುತ್ತದೆ: ನಮ್ಮ ಜಾಗಕ್ಕೆ ತಡೆಗೋಡೆ ಮಂಜೂರು ಮಾಡಿಕೊಡಿ.

ಆ ಬೇಡಿಕೆಯ ಹಿಂದಿನ ಸಂಕಟ ನಿಜವಾದದ್ದು. ಆದರೆ ಒಬ್ಬೊಬ್ಬರ ಅರ್ಜಿಗೆ ಒಂದೊಂದು ಗೋಡೆ ಕೊಡುತ್ತಾ ಹೋದರೆ ಹೊಳೆಯನ್ನು ಸಂಭಾಳಿಸಲಾಗದು. ದಂಡೆ ಉಳಿಯಬೇಕಾದರೆ ಆಚೆ ದಡದವರು, ಮೇಲಿನ ಹರಿವಿನವರು, ಹಿಂದಿನ ಗುಡ್ಡದವರು ಒಪ್ಪಿ ಕೈಜೋಡಿಸಬೇಕು. ಇದು ನೀತಿಪಾಠವಲ್ಲ, ನೀರಿನ ಸ್ವಭಾವ.

ಒಬ್ಬರ ಗೋಡೆ, ಇನ್ನೊಬ್ಬರ ತೋಟ

ಹೊಳೆ ಬಾಗುವಲ್ಲಿ ಸೆಳೆತ ಹೊರಬದಿಗೆ ಜೋರು, ಒಳಬದಿಗೆ ಮೆತ್ತಗೆ. ಹೊರಬದಿಯಲ್ಲಿ ನೀರು ದಂಡೆಯ ಬುಡವನ್ನೇ ಕೊರೆಯುತ್ತದೆ; ಒಳಬದಿಯಲ್ಲಿ ಮರಳು ಇಳಿಸಿ ದಿಬ್ಬ ಕಟ್ಟುತ್ತದೆ. ಬುಡ ಟೊಳ್ಳಾದ ಮೇಲೆ ಮೇಲಿನ ಮಣ್ಣು ತನ್ನ ಭಾರಕ್ಕೇ ಕುಸಿಯುತ್ತದೆ. ಮೇಲಿಂದ ನೋಡುವವರಿಗೆ ಕಾಣುವುದು ಕುಸಿದ ಮಣ್ಣು, ಕೊರೆದ ಬುಡ ನೀರಿನಡಿ ಇರುತ್ತದೆ. ಅಡಿಪಾಯ ಆಳಕ್ಕೆ ಇಳಿಸದೆ ಕಟ್ಟಿದ ಗೋಡೆ ಒಂದೆರಡು ಮಳೆಗಾಲದಲ್ಲೇ ಮುಂದಕ್ಕೆ ವಾಲುವುದು ಇದೇ ಕಾರಣಕ್ಕೆ. ಗೋಡೆಯ ಬೆನ್ನಿಗೆ ತುಂಬಿದ ಮಣ್ಣಿನ ನೀರು ಹೊರಹೋಗಲು ತೂತು ಬಿಡದಿದ್ದರಂತೂ ಹಿಂದಿನಿಂದಲೂ ಒತ್ತಡ ಬಿದ್ದು ಅದು ಬೇಗ ಬೀಳುತ್ತದೆ.

ಗೋಡೆ ಗಟ್ಟಿಯಾಗಿ ನಿಂತರೆ ಬೇರೆಯದೇ ತೊಂದರೆ. ನೀರಿನ ಬಲ ಅಲ್ಲಿಗೆ ಮುಗಿಯುವುದಿಲ್ಲ. ನಯವಾದ ಕಾಂಕ್ರೀಟಿಗೆ ತಾಗಿದ ಸೆಳೆತ ಇನ್ನಷ್ಟು ವೇಗ ಪಡೆದು ಗೋಡೆ ಮುಗಿದ ಕಡೆ ಮಣ್ಣಿಗೆ ಹೊಡೆಯುತ್ತದೆ, ಇಲ್ಲವೇ ಎದುರು ದಂಡೆಗೆ ತಿರುಗುತ್ತದೆ. ‘ನಿಮ್ಮ ಗೋಡೆ ಎದ್ದರೆ ನಮ್ಮ ತೋಟ ಹೊಳೆಗೆ ಹೋಗ್ತದಲ್ಲ ಮಾರಾಯ್ರೆ’ ಎಂದು ಕರಾವಳಿಯ ಕೃಷಿಕ ಆಚೆ ದಡದವರ ಹತ್ತಿರ ಹೇಳಿದರೆ ಅದು ಹೊಟ್ಟೆಕಿಚ್ಚಿನ ಮಾತಲ್ಲ. ಈಚೆಯವರು ಕಟ್ಟಿದರೆಂದು ಆಚೆಯವರು, ಆಚೆಯವರು ಕಟ್ಟಿದರೆಂದು ಕೆಳಗಿನವರು ಗೋಡೆ ಕೇಳುತ್ತಾ ಹೋದಂತೆ ಹೊಳೆ ಕಾಲುವೆಯಾಗುತ್ತದೆ. ಕಾಲುವೆಯಾದ ಹೊಳೆ ಕೆಳಗಿನ ಊರಿಗೆ ನೆರೆಯನ್ನು ಇನ್ನೂ ಬೇಗ ತಲುಪಿಸುತ್ತದೆ.

ಮನೆ, ಸೇತುವೆ, ರಸ್ತೆ ಅಪಾಯದಲ್ಲಿದ್ದಾಗ ಗೋಡೆ ಬೇಕೇ ಬೇಕು. ಕೆಲವೆಡೆ ತಂತಿಬಲೆಯಲ್ಲಿ ಕಲ್ಲು ತುಂಬಿಟ್ಟ ಪೆಟ್ಟಿಗೆಗಳು ಕಾಂಕ್ರೀಟಿಗಿಂತ ವಾಸಿ. ಅವು ನೀರನ್ನು ಒಸರಗೊಡುತ್ತವೆ, ಬುಡ ತುಸು ಕುಸಿದರೂ ಬಾಗಿ ಕೂರುತ್ತವೆ. ಎಲ್ಲಿ ಯಾವುದು ಬೇಕೆಂದು ನಿರ್ಧರಿಸುವ ಮೊದಲು ಎರಡೂ ದಂಡೆಯವರನ್ನು ಒಟ್ಟಿಗೆ ಕೂರಿಸಿ ಹೊಳೆಯ ಆ ಇಡೀ ತಿರುವನ್ನು ನೋಡಬೇಕು ಎನ್ನುವುದಷ್ಟೇ ನನ್ನ ಮಾತು. ಈಗಿನ ಕ್ರಮದಲ್ಲಿ ಅರ್ಜಿ ಕೊಡುವುದು ಒಬ್ಬರು, ಅಂದಾಜುಪಟ್ಟಿ ಆಗುವುದು ಒಂದು ಸರ್ವೆ ನಂಬರಿಗೆ. ಎದುರು ದಡದವರನ್ನು ಕೇಳುವ ಪದ್ಧತಿಯೇ ಇಲ್ಲ.

ತಳ ಏರಿದರೂ ಕಷ್ಟ, ಇಳಿದರೂ ಕಷ್ಟ

ಹೊಳೆಯ ತಳಕ್ಕೂ ದಂಡೆಗೂ ಬಿಡದ ನಂಟಿದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಸೀಮೆಯ ಗುಡ್ಡಗಳು ಜರಿದಾಗ ಬೆಳ್ತಂಗಡಿ ತಾಲ್ಲೂಕಿನ ಹೊಳೆಗಳು ಬಂಡೆ, ಮರದ ದಿಮ್ಮಿ, ಮರಳನ್ನು ಹೊತ್ತು ತಂದು ತೋಟಗಳ ಮೇಲೆ ಸುರಿದವು. ಅದರ ಹಿಂದಿನ ವರ್ಷ, 2018ರ ಆಗಸ್ಟಿನಲ್ಲಿ, ಕೊಡಗು ಅದಕ್ಕಿಂತ ಘೋರವಾದದ್ದನ್ನು ಕಂಡಿತ್ತು. ಇಂಥ ಹೂಳು ತಳದಲ್ಲಿ ಕೂತರೆ ಹೊಳೆಗೆ ಆಳವಿಲ್ಲ. ಆಳ ಸಿಗದ ನೀರು ಅಗಲ ಹುಡುಕುತ್ತದೆ, ಎರಡೂ ದಂಡೆಗಳನ್ನು ತಿನ್ನುತ್ತದೆ. ಗುಡ್ಡ ಜರಿದು ಎಷ್ಟೋ ಮಳೆಗಾಲ ಕಳೆದ ಮೇಲೂ ಕೆಳಗಿನ ತೋಟದವರು ದಂಡೆ ಕಳೆದುಕೊಳ್ಳುತ್ತಿರುವುದು ಇದರಿಂದ.

ಹಾಗೆಂದು ಸಿಕ್ಕಷ್ಟು ಮರಳು ಎತ್ತಿದರೆ ಒಳ್ಳೆಯದೇ ಆಯಿತಲ್ಲ ಎನ್ನುವಂತಿಲ್ಲ. ತಳವನ್ನು ಮಿತಿಮೀರಿ ಅಗೆದರೆ ದಂಡೆಯ ಬುಡ ಅಂತರದಲ್ಲಿ ನಿಲ್ಲುತ್ತದೆ. ದರೆ ಎತ್ತರವಾದಷ್ಟೂ ಬೀಳುವುದು ಸುಲಭ. ಬಾವಿಗಳ ನೀರೂ ಹೊಳೆಯ ತಳದ ಜೊತೆ ಕೆಳಗಿಳಿಯುತ್ತದೆ. 2012ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ದೀಪಕ್ ಕುಮಾರ್ ಪ್ರಕರಣದಲ್ಲಿ, ಐದು ಹೆಕ್ಟೇರಿಗಿಂತ ಸಣ್ಣ ಮರಳು ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಹೇಳಿತು. ಕೇಂದ್ರ ಸರ್ಕಾರ 2016ರಲ್ಲಿ ಮರಳುಗಾರಿಕೆಯ ಮಾರ್ಗಸೂಚಿ ತಂದಿತು. ಹೊಳೆ ಬಾಗುವ ಕಡೆ ಹೊರಬದಿಯ ದಂಡೆಯಲ್ಲಿ, ಅಂದರೆ ಕೊರೆತ ಆಗಬಲ್ಲ ಜಾಗದಲ್ಲಿ, ಮರಳು ತೆಗೆಯಬಾರದು ಎಂಬುದು ಅದರ ತಿರುಳುಗಳಲ್ಲೊಂದು. ದಂಡೆಯ ಮೇಲೆ ಮನೆ ಇರುವ ಪ್ರತಿಯೊಬ್ಬರೂ ಇದನ್ನು ತಿಳಿದಿರಬೇಕು. ಎಲ್ಲಿ ಎತ್ತಬಹುದು, ಎಲ್ಲಿ ಮುಟ್ಟಬಾರದು ಎಂಬುದು ಗುತ್ತಿಗೆದಾರನಿಗಿಂತ ಮೊದಲು ಊರಿಗೆ ಗೊತ್ತಿದ್ದರೆ, ರಾತ್ರಿ ಹೊಳೆಗಿಳಿಯುವ ಲಾರಿಯನ್ನು ಕೇಳುವ ಧೈರ್ಯವೂ ಊರಿಗೆ ಬರುತ್ತದೆ. ಒಬ್ಬಂಟಿಯಾಗಿ ಕೇಳಲು ಹೋದವರಿಗೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಹತ್ತು ಮನೆಯವರು ಸೇರಿ ನಿಂತಾಗಲೇ ಆ ಮಾತಿಗೆ ತೂಕ.

ಗುಡ್ಡದ ಲೆಕ್ಕ

ಒಂದು ಎಕರೆ ಗುಡ್ಡದ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು ನಾಲ್ಕು ಲಕ್ಷ ಲೀಟರ್ ನೀರು. ಘಟ್ಟದ ಬುಡದ ಊರುಗಳಲ್ಲಿ ಆಷಾಢ, ಶ್ರಾವಣಗಳಲ್ಲಿ ಇಂಥ ದಿನಗಳು ಅಪರೂಪವಲ್ಲ. ಕಾಡು, ತರಗೆಲೆ, ಹುಲ್ಲು ಇರುವ ನೆಲ ಇದರಲ್ಲಿ ಎಷ್ಟೋ ಪಾಲನ್ನು ಹೀರಿಕೊಂಡು ತಡವಾಗಿ, ತಿಳಿಯಾಗಿ ಹೊಳೆಗೆ ಬಿಡುತ್ತದೆ. ಅದೇ ಗುಡ್ಡವನ್ನು ಜೆಸಿಬಿ ಇಳಿಸಿ ಮಟ್ಟ ಮಾಡಿದರೆ, ಕೆಂಪುಕಲ್ಲಿನ ಕೋರೆ ತೆರೆದರೆ, ರಸ್ತೆ ಕಡಿದು ಚರಂಡಿಯನ್ನು ನೇರ ತೋಡಿಗೆ ಬಿಟ್ಟರೆ ಆ ನೀರೆಲ್ಲ ಮಣ್ಣು ಸಮೇತ ಒಂದೇ ತಾಸಿನಲ್ಲಿ ಕೆಳಗೆ. ಹನಿಹನಿಗೂಡಿದರೆ ಹಳ್ಳ ಎಂಬ ನಮ್ಮ ಗಾದೆಯನ್ನು ಉಳಿತಾಯಕ್ಕೆ ಬಳಸಿ ರೂಢಿ. ದಂಡೆಯ ಸಂಗತಿಯಲ್ಲಿ ಅದರ ಅಕ್ಷರಾರ್ಥವೇ ಸತ್ಯ: ಹಳ್ಳದಲ್ಲಿ ಹರಿಯುವ ಒಂದೊಂದು ಹನಿಯೂ ಯಾರದೋ ಜಾಗದಿಂದ ಹೊರಟದ್ದು.

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ ಕಡೆಯ ಸೊಪ್ಪಿನಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ, ಇವೆಲ್ಲ ತೋಟ ಗದ್ದೆಗಳಿಗೆ ಸೊಪ್ಪು ಸೌದೆ ಒದಗಿಸಲು ಬಿಟ್ಟ ನೆಲಗಳು. ಗುಡ್ಡದ ಮೇಲಿನ ಮದಕಗಳಲ್ಲಿ ನಿಂತ ನೀರು ಬೇಸಗೆಯವರೆಗೂ ಕೆಳಗಿನ ಬಾವಿಗಳಿಗೆ ಒಸರುತ್ತಿತ್ತು. ಬೆಟ್ಟ ಬೋಳಾದಾಗ, ಮದಕ ಮುಚ್ಚಿ ಮೈದಾನವಾದಾಗ ಅದರ ಬೆಲೆ ತೆತ್ತದ್ದು ಮೈಲಿಗಟ್ಟಲೆ ಕೆಳಗಿನ ಹೊಳೆಬದಿಯ ತೋಟ. ಓಡುವ ನೀರನ್ನು ನಡೆಸು, ನಡೆಯುವ ನೀರನ್ನು ನಿಲ್ಲಿಸು, ನಿಂತ ನೀರನ್ನು ಇಂಗಿಸು ಎಂದು ಜಲಾನಯನದ ಕೆಲಸ ಮಾಡುವವರು ಹೇಳುತ್ತಾ ಬಂದಿದ್ದಾರೆ. ಈ ಮಾತನ್ನು ಬರಪೀಡಿತ ಬಯಲುಸೀಮೆಗೆ ಸೇರಿದ್ದೆಂದು ಮಲೆನಾಡು, ಕರಾವಳಿಯವರು ಬಹುಕಾಲ ಬದಿಗಿಟ್ಟಿದ್ದರು. ನೆರೆಗೂ ಅದೇ ಮದ್ದು.

ಒಂದು ಎಚ್ಚರ ಮಾತ್ರ ಇರಲಿ. ಕಡಿದಾದ, ಮಣ್ಣಿನ ಪದರ ದಪ್ಪವಿರುವ ಇಳಿಜಾರಿನಲ್ಲಿ ಸಿಕ್ಕಸಿಕ್ಕಲ್ಲಿ ಇಂಗುಗುಂಡಿ ತೋಡಿದರೆ ನೀರು ಒಳಗೆ ಕೂತು ಗುಡ್ಡವೇ ಜಾರಬಹುದು. ಅಂಥ ಕಡೆ ಮರಗಳನ್ನು ಉಳಿಸುವುದೇ ಕೆಲಸ. ಇಂಗುಗುಂಡಿ, ಸಮಪಾತಳಿ ಬದು, ಕಲ್ಲುಕಟ್ಟ ಎಲ್ಲವೂ ಇಳಿಜಾರು ಕಡಿಮೆ ಇರುವಲ್ಲಿ ಸಲ್ಲುತ್ತವೆ. ಯಾವ ಗುಡ್ಡ ಹೇಗೆ ಎಂಬುದನ್ನು ಅಲ್ಲಿ ಸೊಪ್ಪು ಕಡಿದವರು, ದನ ಮೇಯಿಸಿದವರು ಬಲ್ಲರು. ಭೂವಿಜ್ಞಾನಿಯ ಜೊತೆ ಅವರೂ ನಡೆದು ನೋಡಬೇಕು.

ಕಟ್ಟದ ಪಾಠ

ಸೇರಿ ಹೊಳೆ ಸಂಭಾಳಿಸುವುದು ನಮಗೆ ಹೊಸದೇನಲ್ಲ. ಗಡಿನಾಡು ಕಾಸರಗೋಡು, ದಕ್ಷಿಣ ಕನ್ನಡಗಳ ‘ಕಟ್ಟ’ಗಳನ್ನೇ ನೋಡಿ. ಮಳೆ ಮುಗಿದು ತೋಡಿನ ಹರಿವು ಸಣ್ಣದಾದಾಗ ಊರವರು ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ಸಲಾಕೆಗಳಿಂದ ಹರಿವಿಗೆ ಅಡ್ಡಲಾಗಿ ಕಟ್ಟೆ ಹಾಕುತ್ತಾರೆ. ಗದ್ದೆಯಿಂದ ಬುಟ್ಟಿಯಲ್ಲಿ ಹೊತ್ತು ತಂದ ಜೇಡಿಮಣ್ಣನ್ನು ಕಾಲಿನಿಂದ ತುಳಿದು ತುಳಿದು ಗಟ್ಟಿ ಮಾಡುವುದು ಇದರ ಮುಖ್ಯ ಕಸುಬು. ಒಂದು ಅಂಗುಲ ಸಡಿಲು ಬಿಟ್ಟರೂ ನೀರು ಅಲ್ಲೇ ದಾರಿ ಹುಡುಕುತ್ತದೆ. ಈಚೆಗೆ ಮಣ್ಣಿಗೆ ಪ್ಲಾಸ್ಟಿಕ್ ಹಾಳೆಯ ಹೊದಿಕೆಯೂ ಬಂದಿದೆ. ಒಂದು ಕಟ್ಟದ ಹಿನ್ನೀರು ಮೇಲಿನ ಕಟ್ಟದ ಬುಡ ಮುಟ್ಟುವಂತೆ ಸಾಲಾಗಿ ಕಟ್ಟಿದರೆ ಇಡೀ ತೋಡು ಬೇಸಗೆಯಲ್ಲೂ ತುಂಬಿರುತ್ತದೆ, ಅಕ್ಕಪಕ್ಕದ ಬಾವಿ, ಕೆರೆಗಳು ಎದ್ದು ನಿಲ್ಲುತ್ತವೆ.

ಕಾಸರಗೋಡಿನ ಏತಡ್ಕ ಊರಿನವರು ಈ ಪದ್ಧತಿಯನ್ನು ತಲೆಮಾರುಗಳಿಂದ ಬಿಡದೆ ನಡೆಸಿಕೊಂಡು ಬಂದವರು. ಅಡ್ಯನಡ್ಕದ ವಾರಣಾಶಿ ಸಂಶೋಧನಾ ಪ್ರತಿಷ್ಠಾನ ತನ್ನ ಸುತ್ತಮುತ್ತ ಕಟ್ಟಗಳನ್ನು ಮತ್ತೆ ಕಟ್ಟಿಸಿತು. ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆ ದಶಕಗಳಿಂದ ಇದರ ಬಗ್ಗೆ ಬರೆದು ಕನ್ನಡದ ಓದುಗರಿಗೆ ಕಟ್ಟವನ್ನು ಪರಿಚಯಿಸಿದರು.

ಕಟ್ಟ ಒಬ್ಬರಿಂದ ಆಗುವ ಕೆಲಸವಲ್ಲ. ಹಿನ್ನೀರು ಮೇಲಿನವರ ಜಾಗಕ್ಕೆ ತಾಗುತ್ತದೆ. ತುಂಬುವವರೆಗೆ ಕೆಳಗಿನವರಿಗೆ ಹರಿವು ನಿಲ್ಲುತ್ತದೆ. ಎರಡು ಬದಿಗೂ ಕಟ್ಟೆಯ ತುದಿ ಊರಲು ಎರಡು ದಂಡೆಯವರ ಒಪ್ಪಿಗೆ ಬೇಕು. ಯಾವ ದಿನ, ಯಾರ ಮನೆಯಿಂದ ಎಷ್ಟು ಆಳು, ಮಣ್ಣು ಯಾರ ಗದ್ದೆಯದು, ಎಲ್ಲವನ್ನೂ ಕೂತು ಮಾತಾಡಿಯೇ ತೀರ್ಮಾನಿಸಬೇಕು. ಮುಂದಿನ ಮಳೆಗಾಲದ ಮೊದಲು ಅದನ್ನು ಬಿಡಿಸಿ ಹೊಳೆಗೆ ದಾರಿ ಕೊಡುವುದೂ ಅದೇ ಒಪ್ಪಂದದ ಭಾಗ. ದಂಡೆಯ ಮಟ್ಟಿಗೆ ಈ ಕೊನೆಯ ಕೆಲಸವೇ ದೊಡ್ಡದು.

ಕಿಂಡಿ ಅಣೆಕಟ್ಟುಗಳ ಕತೆಯಿಂದ ಇದು ಸ್ಪಷ್ಟವಾಗುತ್ತದೆ. ಸಣ್ಣ ನೀರಾವರಿ ಇಲಾಖೆ ಪಶ್ಚಿಮವಾಹಿನಿ ಯೋಜನೆಯಡಿ ಕರಾವಳಿಯ ಹೊಳೆಗಳಿಗೆ ಕಿಂಡಿ ಅಣೆಕಟ್ಟುಗಳನ್ನು ಕಟ್ಟುತ್ತಾ ಬಂದಿದೆ. ಇವು ಉಪಯುಕ್ತವೇ. ಆದರೆ ಮಳೆ ನಿಂತ ಮೇಲೆ ಹಲಗೆ ಇಳಿಸಲು, ಮುಂಗಾರಿಗೆ ಮೊದಲು ಹಲಗೆ ತೆಗೆಯಲು ಯಾರೂ ಇಲ್ಲದಿದ್ದರೆ ಕಟ್ಟಡವೇ ಮುಳುವು. ಹಲಗೆ ಉಳಿದ ಅಥವಾ ದಿಮ್ಮಿ, ಕಸ ಸಿಕ್ಕಿಕೊಂಡ ಕಿಂಡಿಗಳಲ್ಲಿ ನೀರು ತೂರದೆ ಅಣೆಕಟ್ಟಿನ ಪಕ್ಕದ ದಂಡೆಯನ್ನೇ ಕೊರೆದು ತೋಟದೊಳಗಿಂದ ಹರಿಯುತ್ತದೆ. ಹಲಗೆಯನ್ನು ಸಮಯಕ್ಕೆ ಹಾಕಿ ತೆಗೆಯುವ ಹೊಣೆ ಹೊತ್ತ ಸಮಿತಿ ಇರುವ ಊರಿನಲ್ಲಿ ಅಣೆಕಟ್ಟು ಆಸ್ತಿ. ಅದಿಲ್ಲದ ಊರಿನಲ್ಲಿ ಅಪಾಯ. ಸಿಮೆಂಟಿನ ಬಿಲ್ಲಿನಲ್ಲಿ ಈ ಸಮಿತಿಗೆ ಜಾಗವಿಲ್ಲ, ಆದರೆ ಕಾಮಗಾರಿ ನಿಜಕ್ಕೂ ಪೂರ್ಣವಾಗುವುದು ಅದರಿಂದ.

ಬೇರಿನ ಕೆಲಸ

ಹಳೆಯ ಹೊಳೆದಂಡೆಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ತೋಟ ನೀರಿನ ಅಂಚಿನವರೆಗೆ ಇರುತ್ತಿರಲಿಲ್ಲ. ನಡುವೆ ಒಂದು ಪಟ್ಟಿ ಕಾಡು. ನೀರಿಗೆ ತಾಗಿ ಕೇದಗೆ, ವಾಟೆ, ಅದರ ಹಿಂದೆ ಲಕ್ಕಿ, ಹೊಂಗೆ, ಬಿದಿರು, ಮೇಲೆ ಹೊಳೆಮತ್ತಿ. ನೆರೆ ಬಂದಾಗ ಗಿಡಗಳು ಬಾಗಿ ಮಲಗಿ ದಂಡೆಗೆ ಚಾಪೆ ಹಾಸುತ್ತಿದ್ದವು, ಬೇರುಗಳು ಮಣ್ಣನ್ನು ಹಿಡಿದಿರುತ್ತಿದ್ದವು. ಅಡಿಕೆಗೆ ಬೆಲೆ ಬಂದ ಹಾಗೆಲ್ಲ ತೋಟ ಹೊಳೆಯ ಕಡೆಗೆ ಒಂದೊಂದು ಸಾಲು ಮುಂದುವರಿಯಿತು. ಅಡಿಕೆಯ ಬೇರು ದಂಡೆ ಹಿಡಿಯುವಷ್ಟು ಆಳಕ್ಕೆ ಹೋಗುವುದಿಲ್ಲ. ಹೊಳೆಗೆ ಸೇರಿದ ಖರಾಬು ಜಾಗವನ್ನು ಒತ್ತಿಕೊಂಡು ಗಳಿಸಿದ ಎರಡು ಸಾಲಿಗಾಗಿ ಹತ್ತು ಸಾಲು ಕಳೆದುಕೊಂಡ ತೋಟಗಳು ಇಂದು ಕಣ್ಣೆದುರಿಗಿವೆ.

ದಂಡೆ ಹಿಡಿಯುವ ಹುಲ್ಲುಗಳಲ್ಲಿ ಲಾವಂಚಕ್ಕೆ ವಿಶೇಷ ಸ್ಥಾನ. ಅದರ ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗೆ ಇಳಿಯುತ್ತದೆ, ಒಳ್ಳೆಯ ಮಣ್ಣಿನಲ್ಲಿ ಮೂರು ಮೀಟರಿಗೂ ಆಳಕ್ಕೆ ಹೋಗಬಲ್ಲದು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಮಣ್ಣು ಸಂರಕ್ಷಣಾ ತಜ್ಞರು ಲಾವಂಚದ ಬದುವನ್ನು ಜಗತ್ತಿಗೆ ಹೇಳಹೊರಟಾಗ ಅವರಿಗೆ ಸಿಕ್ಕ ದೊಡ್ಡ ಸಾಕ್ಷಿ ನಮ್ಮ ಗುಂಡ್ಲುಪೇಟೆಯದು. ಅಲ್ಲಿನ ರೈತರು ತಲೆಮಾರುಗಳಿಂದ ಹೊಲದ ಬದುಗಳಲ್ಲಿ ಲಾವಂಚದ ಸಾಲು ಉಳಿಸಿಕೊಂಡು ಬಂದಿದ್ದರು. ಹೊಳೆದಂಡೆಗೆ ಅದನ್ನು ಬಳಸುವವರು ಎರಡು ವಿಷಯ ನೆನಪಿಡಬೇಕು: ಅದಕ್ಕೆ ಬಿಸಿಲು ಬೇಕು, ದಟ್ಟ ನೆರಳಿನಲ್ಲಿ ಬಾಳುವುದಿಲ್ಲ, ದಂಡೆಗೆ ನೆಟ್ಟದ್ದನ್ನು ಬೇರಿನ ಆಸೆಗೆ ಅಗೆಯಬಾರದು. ನೆರಳಿರುವಲ್ಲಿ ಕೇದಗೆ, ವಾಟೆಗಳೇ ಸರಿ. ಗಿಡದ ದಂಡೆ ಗಟ್ಟಿಯಾಗಲು ಕೆಲವು ವರ್ಷ ಹಿಡಿಯುತ್ತದೆ. ಅಷ್ಟು ದಿನ ದನ ನುಗ್ಗದಂತೆ, ಬೇಸಗೆಯಲ್ಲಿ ಬೆಂಕಿ ತಾಗದಂತೆ ಕಾಯಬೇಕು. ಒಬ್ಬರು ನೆಟ್ಟು ಪಕ್ಕದವರು ಕಡಿದರೆ ನೀರು ಕಡಿದ ಜಾಗದಿಂದಲೇ ಒಳಗೆ ಬರುತ್ತದೆ.

ಗಜನಿಯ ಏರಿ, ಸುಖೋಮಾಜ್ರಿಯ ಪಾಲು

ಸೇರಿ ಕಾಯುವ ವ್ಯವಸ್ಥೆ ಮುರಿದಾಗ ಏನಾಗುತ್ತದೆಂಬುದಕ್ಕೆ ಅಘನಾಶಿನಿಯ ಅಳಿವೆಯಲ್ಲಿ ಉತ್ತರವಿದೆ. ಕುಮಟಾ ತಾಲ್ಲೂಕಿನ ಗಜನಿ ಗದ್ದೆಗಳು ಉಪ್ಪುನೀರಿನ ಪಕ್ಕದಲ್ಲೇ ಏರಿ ಕಟ್ಟಿ ಉಳಿಸಿಕೊಂಡ ನೆಲ. ಉಪ್ಪು ಸಹಿಸುವ ಕಗ್ಗ ಭತ್ತ ಅಲ್ಲಿನ ಬೆಳೆ. ಉಬ್ಬರ ಇಳಿತಕ್ಕೆ ತಕ್ಕಂತೆ ತೂಬಿನ ಹಲಗೆ ಏರಿಸಿ ಇಳಿಸುವುದು, ಒಡೆದ ಏರಿಗೆ ಮಣ್ಣು ಹಾಕುವುದು ಊರವರೇ ಸೇರಿ ಮಾಡುತ್ತಿದ್ದ ಕೆಲಸ. ಮುಂದೆ ಸರ್ಕಾರ ಉಪ್ಪುನೀರು ತಡೆಯಲು ದೊಡ್ಡ ಖಾರಲ್ಯಾಂಡ್ ಕಟ್ಟೆಗಳನ್ನು ಕಟ್ಟಿತು. ಏರಿ ನೋಡಿಕೊಳ್ಳುವುದು ಇಲಾಖೆಯ ಕೆಲಸವೆಂಬ ಭಾವನೆ ಬೆಳೆದಂತೆ ಊರಿನ ಸಮಿತಿಗಳು ಸೊರಗಿದವು. ನಂತರ ಸಿಗಡಿ ಕೃಷಿಗೆ ಗಜನಿಗಳು ಗುತ್ತಿಗೆಗೆ ಹೋದವು. ಒಡೆದ ಏರಿಯಿಂದ ಉಪ್ಪುನೀರು ನುಗ್ಗಿ ಎಷ್ಟೋ ಗದ್ದೆಗಳು ಪಾಳುಬಿದ್ದವು. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶದ, ಮಾನ್ಯತೆ ಸಿಕ್ಕಿದ್ದು ಸಂತೋಷ. ಆ ಮಾನ್ಯತೆಗೆ ಅರ್ಥ ಬರಬೇಕಾದರೆ ಏರಿ ಕಾಯುವವರ ಸಂಘಟನೆ ಮತ್ತೆ ಎದ್ದು ನಿಲ್ಲಬೇಕು. ಏರಿಯ ಹೊರಮೈಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕವಚವೂ ಬೇಕು.

ಕೂಡಿ ಗೆದ್ದವರ ಉದಾಹರಣೆಯೂ ನಮ್ಮ ದೇಶದಲ್ಲೇ ಇದೆ. ಚಂಡೀಗಢದ ಸುಖ್ನಾ ಕೆರೆ ಕಟ್ಟಿದ್ದು 1958ರಲ್ಲಿ. ಹದಿನೈದಿಪ್ಪತ್ತು ವರ್ಷಗಳಲ್ಲೇ ಅದು ಹೂಳಿನಿಂದ ತುಂಬತೊಡಗಿತು. ಮಣ್ಣು ಎಲ್ಲಿಂದ ಬರುತ್ತಿದೆಯೆಂದು ಹುಡುಕುತ್ತಾ ಹೋದ ಮಣ್ಣು ಸಂರಕ್ಷಣಾ ತಜ್ಞ ಪಿ. ಆರ್. ಮಿಶ್ರಾ ಶಿವಾಲಿಕ್ ಗುಡ್ಡಗಳಲ್ಲಿನ ಸುಖೋಮಾಜ್ರಿ ಹಳ್ಳಿಗೆ ತಲುಪಿದರು. ಗುಡ್ಡ ಬೋಳು, ಜನ ಬಡವರು, ಆಡು ದನಗಳೇ ಬದುಕು. ಮೇಯಿಸಬೇಡಿ ಎಂದರೆ ಕೇಳುವವರು ಯಾರು? 1976ರಲ್ಲಿ ಅಲ್ಲಿ ಸಣ್ಣ ಮಣ್ಣಿನ ಒಡ್ಡು ಕಟ್ಟಿದಾಗ ಹಳ್ಳಿಗೆ ನೀರಿನ ರುಚಿ ಸಿಕ್ಕಿತು. ಒಡ್ಡು ಉಳಿಯಬೇಕಾದರೆ ಗುಡ್ಡದ ಮಣ್ಣು ಇಳಿಯಬಾರದು ಎಂಬುದು ಜನರಿಗೇ ಮನವರಿಕೆಯಾಗಿ, ಬೇಲಿಯಿಲ್ಲದೆ ಗುಡ್ಡ ಕಾಯುವ ಕಟ್ಟುಪಾಡು ಮಾಡಿಕೊಂಡರು. ನೀರಿನಲ್ಲಿ ಪ್ರತಿ ಮನೆಗೂ ಸಮಪಾಲು, ಜಮೀನಿಲ್ಲದ ಮನೆಗೂ ಸಹ. ಆ ಪಾಲೇ ಇಡೀ ಏರ್ಪಾಟಿನ ಜೀವ. ಕಾಯುವವರಿಗೆ ಲಾಭದಲ್ಲಿ ಪಾಲಿಲ್ಲದ ಕಡೆ ಕಾವಲು ನಿಲ್ಲುವುದಿಲ್ಲ.

ರಾಜಸ್ಥಾನದ ಅಲ್ವರ್ ಸೀಮೆಯಲ್ಲಿ ಅರ್ವರಿ ನದಿಯ ಸುತ್ತಲಿನ ಸುಮಾರು 70 ಹಳ್ಳಿಗಳು 1999ರಲ್ಲಿ ನದಿಗಾಗಿಯೇ ಒಂದು ಸಂಸತ್ತು ಮಾಡಿಕೊಂಡವು. ಸರ್ಕಾರದ ಕಾನೂನಿನ ಬಲ ಅದಕ್ಕಿರಲಿಲ್ಲ; ಜೋಹಡ್ ಎಂಬ ಮಳೆನೀರಿನ ಕೆರೆಗಳನ್ನು ಸೇರಿ ಕಟ್ಟಿದ ಜನರ ಒಪ್ಪಿಗೆಯ ಬಲ ಇತ್ತು. ಕರ್ನಾಟಕದಲ್ಲೂ 2001ರಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಶುರುವಾದ ಸುಜಲ ಯೋಜನೆ, ಹಳ್ಳಿಯವರನ್ನೇ ಕೂರಿಸಿ ಜಲಾನಯನದ ನಕ್ಷೆ, ಯೋಜನೆ ಮಾಡಿಸಿತು. ಘಟ್ಟದ ಕೆಳಗಿನ ಹೊಳೆಗಳಿಗೂ ಅಂಥದೊಂದು ಕ್ರಮ ಬೇಕಾಗಿದೆ.

ಈ ವರ್ಷವೇ ಆಗಬಹುದಾದದ್ದು

ದೀಪಾವಳಿ ಕಳೆದು ಹೊಳೆ ತಿಳಿಯಾದ ಮೇಲೆ, ಒಂದು ತೋಡಿನ ಎರಡೂ ದಡದವರು ಅದರ ಹುಟ್ಟಿನಿಂದ ದೊಡ್ಡ ಹೊಳೆ ಸೇರುವವರೆಗೆ ಒಮ್ಮೆ ಒಟ್ಟಿಗೆ ನಡೆಯಲಿ. ಎಲ್ಲಿ ಬುಡ ಕೊರೆದಿದೆ, ಎಲ್ಲಿ ದಿಮ್ಮಿ ಸಿಕ್ಕಿದೆ, ಯಾವ ಚರಂಡಿ ಮಣ್ಣು ತರುತ್ತಿದೆ, ಯಾವ ಮದಕ ಹೂಳು ತುಂಬಿದೆ ಎಂದು ಬರೆದುಕೊಳ್ಳಲಿ. ಸೊಪ್ಪಿಗೆ ಹೋಗುವ ಹೆಂಗಸರು, ಮೀನು ಹಿಡಿಯುವವರು, ಜಮೀನಿಲ್ಲದವರು ಆ ನಡಿಗೆಯಲ್ಲಿ ಇರಲೇಬೇಕು. ಹೊಳೆಯ ಬಗ್ಗೆ ಅವರಿಗೆ ಗೊತ್ತಿರುವಷ್ಟು ಪಹಣಿ ಇರುವವರಿಗೆ ಗೊತ್ತಿರುವುದಿಲ್ಲ. ಆ ಪಟ್ಟಿ ಗ್ರಾಮಸಭೆಯಲ್ಲಿ ಓದಿ ನಡಾವಳಿಗೆ ಸೇರಲಿ. ತೋಡು ಎರಡು ಪಂಚಾಯಿತಿ ದಾಟಿದರೆ ಎರಡೂ ಸಭೆಗಳಲ್ಲಿ ಓದಲಿ. ಗೋಡೆ ಬೇಕಾದ ಜಾಗಕ್ಕೆ ಎರಡು ದಂಡೆಯವರ ಸಹಿ ಇರುವ ಒಂದೇ ಅರ್ಜಿ ಹೋಗಲಿ. ಉಳಿದ ಕಡೆ ಹೊಳೆಯ ಖರಾಬು ಜಾಗವನ್ನು ಹೊಳೆಗೇ ಬಿಟ್ಟು ಮೊದಲ ಮಳೆಗೆ ಗಿಡ ನೆಡಲಿ.

ಇಲಾಖೆಗಳಿಂದ ಆಗಬೇಕಾದದ್ದೂ ಇದೆ. ದಂಡೆ ಸಂರಕ್ಷಣೆಯ ಅಂದಾಜುಪಟ್ಟಿಯಲ್ಲಿ ಎದುರು ದಡದ ಪರಿಶೀಲನೆ ಕಡ್ಡಾಯವಾಗಬೇಕು. ಗೋಡೆಯ ಹಣದ ಒಂದು ಪಾಲು ಮೇಲಿನ ಗುಡ್ಡದ ಕೆಲಸಕ್ಕೂ ದಂಡೆಯ ಗಿಡಗಳಿಗೂ ಮೀಸಲಾಗಬೇಕು. ಕಿಂಡಿ ಅಣೆಕಟ್ಟಿನ ಹಲಗೆ ಹಾಕಿ ತೆಗೆಯುವ ಊರಿನ ಸಮಿತಿಗೆ ಪ್ರತಿವರ್ಷ ಖರ್ಚಿನ ಹಣ ಸಿಗಬೇಕು.

ನೆರೆ ಬಂದ ರಾತ್ರಿ ಆಚೆ ದಡದ ಮನೆಯವರನ್ನು ದೋಣಿಯಲ್ಲಿ ಕರೆತರಲು ನಮ್ಮ ಹಳ್ಳಿಗಳಲ್ಲಿ ಯಾರೂ ಹಿಂದುಮುಂದು ನೋಡುವುದಿಲ್ಲ. ಜೀವದ ವಿಷಯದಲ್ಲಿ ಇರುವ ಆ ನಂಬಿಕೆಯನ್ನು ಮಣ್ಣಿನ ವಿಷಯಕ್ಕೂ ತರುವುದು ಸಾಧ್ಯ. ಅದಕ್ಕೆ ದೊಡ್ಡ ಯೋಜನೆ ಮಂಜೂರಾಗುವವರೆಗೆ ಕಾಯಬೇಕಿಲ್ಲ. ಈ ಬೇಸಗೆಯಲ್ಲಿ ಒಂದು ತೋಡಿನವರು ಶುರು ಮಾಡಿದರೆ, ಅದು ಸೇರುವ ಹೊಳೆಯವರು ಮುಂದಿನ ವರ್ಷ ಬಂದು ನೋಡುತ್ತಾರೆ.